ಚಕ್ರ ಬಂದು ಬಿದ್ದ ಆ ಎರಡು ನಿಮಿಷ

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ನಡುವಿನ ವಳಕಮದಿನ್ನಿಯಂಥ ಊರಿನಲ್ಲಿ ಆ ಹೊತ್ತಿಗೆ ಕಟ್ಟೆಯ ಕಲ್ಲಿನ ಮೇಲೂ ಕೂರಲಾಗುವುದಿಲ್ಲ. ಅರವತ್ತು ದಾಟಿದ ರೈತರೊಬ್ಬರು ಚಹದಂಗಡಿ ಮುಂದೆ ನಿಂತವರು ನಿಂತಲ್ಲೇ ಕುಸಿದರು ಎಂದುಕೊಳ್ಳಿ. ನಾಲ್ಕು ಜನ ಓಡಿಬರುತ್ತಾರೆ. ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಅಂಗೈಗೆ ಕೀಲಿಕೈ ತುರುಕುತ್ತಾರೆ, ಮತ್ತೊಬ್ಬರು ಬಾಯಿಗೆ ನೀರು ಬಿಡುತ್ತಾರೆ. ಅಷ್ಟರಲ್ಲಿ ಬಿದ್ದವರೇ ಕಣ್ಣು ಬಿಟ್ಟು "ಏನಾತು?" ಎನ್ನುತ್ತಾರೆ.

"ಬಿಸಲಾಗ ನಿಂತಿದ್ರಲ್ಲ ಮಾವ, ಚಕ್ರ ಬಂದಾವ. ಒಂದು ಬಾಟ್ಲಿ ಏರಿಸಿದ್ರ ಎಲ್ಲ ಸರಿ ಹೋಗ್ತೈತಿ."

ಸಲೈನ್ ಬಾಟ್ಲಿ ಏರುತ್ತದೆ. ಸಂಜೆಗೆ ಅವರು ಮನೆಯಲ್ಲಿರುತ್ತಾರೆ. ಬಿಸಿಲಿನ ಸೀಮೆಯಲ್ಲಿ ಈ ಊಹೆ ಎಷ್ಟೋ ಸಲ ನಿಜವೂ ಆಗಿರುತ್ತದೆ. ಆದರೆ ಅವರ ಮನೆಯ ಗೂಡಿನಲ್ಲಿ ಹೃದಯದ ಬಡಿತ ಹದಗೊಳಿಸುವ ಮಾತ್ರೆ ಇದ್ದರೆ, ಹಳೆಯ ಚೀಟಿಯಲ್ಲಿ ವೈದ್ಯರು 'ಎ.ಎಫ್.' ಎಂದೋ 'ಬ್ಲಾಕ್' ಎಂದೋ ಗೀಚಿದ್ದರೆ, ಅದೇ ಬೀಳುವಿಕೆಗೆ ಬೇರೆ ಅರ್ಥ ಬರುತ್ತದೆ. ಆಗ ಬಾಟ್ಲಿಗಿಂತ ಮೊದಲು ಬೇಕಾದದ್ದು ಒಂದು ಇಸಿಜಿ. ಅದರ ಜೊತೆಗೆ, ಬಿದ್ದದ್ದನ್ನು ಕಣ್ಣಾರೆ ಕಂಡ ಚಹದಂಗಡಿಯವನ ಎರಡು ನಿಮಿಷದ ಮಾತು.

ಬಡಿತ ತಪ್ಪಿದರೆ ಎಚ್ಚರ ಯಾಕೆ ತಪ್ಪುತ್ತದೆ

ಮಿದುಳಿಗೆ ರಕ್ತ ಹರಿಯುವುದು ಆರರಿಂದ ಎಂಟು ಸೆಕೆಂಡು ನಿಂತರೆ ಸಾಕು, ಮನುಷ್ಯ ಎಚ್ಚರ ತಪ್ಪುತ್ತಾನೆ. ಬಿದ್ದು ಮಲಗಿದ ಮೇಲೆ ರಕ್ತ ಸಲೀಸಾಗಿ ತಲೆಗೆ ಹರಿಯುವುದರಿಂದ, ಇಲ್ಲವೇ ಬಡಿತ ತಾನಾಗಿ ಮರಳುವುದರಿಂದ, ಸ್ವಲ್ಪ ಹೊತ್ತಿನಲ್ಲಿ ಪೂರ್ತಿ ಎಚ್ಚರ ಬರುತ್ತದೆ. ವೈದ್ಯರು ಸಿಂಕೋಪ್ ಎನ್ನುವುದು ಇದಕ್ಕೇ. ಹೃದಯದ ಲಯ ತಪ್ಪಿದವರಲ್ಲಿ ಇದು ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತದೆ.

ಮೊದಲನೆಯದು, ಬಡಿತ ತೀರಾ ನಿಧಾನವಾಗುವುದು ಅಥವಾ ಕೆಲವು ಸೆಕೆಂಡು ನಿಂತೇಬಿಡುವುದು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ದಾಟದಿದ್ದರೆ ಅದು 'ಹಾರ್ಟ್ ಬ್ಲಾಕ್'. ಹಳ್ಳಿಯಲ್ಲೂ ಪಟ್ಟಣದಲ್ಲೂ ಈ ಮಾತಿನಿಂದ ದೊಡ್ಡ ಗೊಂದಲ ಆಗುತ್ತದೆ. 'ಬ್ಲಾಕ್ ಐತಿ' ಎಂದೊಡನೆ ಜನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದುಕೊಳ್ಳುತ್ತಾರೆ. ಅದು ನೀರಿನ ಪೈಪು ಕಟ್ಟಿದಂತೆ. ಇದು ವೈರಿನಲ್ಲಿ ಕರೆಂಟು ಹರಿಯದಂತೆ. ಅದಕ್ಕೆ ಸ್ಟೆಂಟ್, ಇದಕ್ಕೆ ಬಡಿತದ ಸಂಕೇತ ಕೊಡುವ ಪೇಸ್‌ಮೇಕರ್. ಯಾವ ಬ್ಲಾಕ್ ಎಂದು ವೈದ್ಯರನ್ನು ಬಿಡಿಸಿ ಕೇಳಿಕೊಳ್ಳಬೇಕು.

ಎರಡನೆಯದು, ಬಡಿತ ವಿಪರೀತ ವೇಗವಾಗುವುದು. ಆಗ ಹೃದಯ ತುಂಬಿಕೊಳ್ಳಲು ಪುರುಸೊತ್ತಿಲ್ಲದೆ ಖಾಲಿ ಪಂಪು ಹೊಡೆದಂತೆ ಹೊಡೆಯುತ್ತದೆ. ಹಿಂದೆ ಹೃದಯಾಘಾತವಾಗಿ ಸ್ನಾಯುವಿನಲ್ಲಿ ಗಾಯದ ಕಲೆ ಉಳಿದವರಲ್ಲಿ ಕೆಳಗಿನ ಕೋಣೆಯಿಂದ ಹುಟ್ಟುವ ವೇಗದ ಬಡಿತ ಎಲ್ಲಕ್ಕಿಂತ ಅಪಾಯದ್ದು.

ಮೂರನೆಯದರಲ್ಲಿ ಹೃದಯದ ಲಯದ ತಪ್ಪಿಲ್ಲ. ನಿಂತಾಗ ರಕ್ತದೊತ್ತಡ ಕುಸಿಯುತ್ತದೆ. ಬೆವರಿ ನೀರು ಕಡಿಮೆಯಾದಾಗ, ವಾಂತಿ-ಭೇದಿ ಆದಾಗ, ಮಾತ್ರೆಯ ಪ್ರಮಾಣ ಹೆಚ್ಚಾದಾಗ ಲಯದ ತೊಂದರೆ ಇರುವವರೂ ಹೀಗೆ ಬೀಳಬಹುದು.

ಅತಿ ಸಾಮಾನ್ಯ ಲಯದೋಷವಾದ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎ.ಎಫ್., ತಾನೊಂದೇ ಇದ್ದಾಗ ಎಚ್ಚರ ತಪ್ಪಿಸುವುದು ಅಪರೂಪ. ಎ.ಎಫ್. ಇರುವವರು ಬಿದ್ದರೆ ಇನ್ನೂ ಏನೋ ಜೊತೆಗೂಡಿದೆ ಎಂದು ವೈದ್ಯರು ಹುಡುಕುತ್ತಾರೆ. ವೇಗದ ಬಡಿತ ತಟ್ಟನೆ ನಿಂತು, ಸಹಜ ಬಡಿತ ಶುರುವಾಗುವ ಮುಂಚೆ ನಾಲ್ಕೈದು ಸೆಕೆಂಡಿನ ಮೌನ ಬರುವುದು ಅಂಥ ಒಂದು ಕಾರಣ. 'ಎದಿ ಡವಡವ ಅಂತಿತ್ತು, ಒಮ್ಮೆಲೇ ನಿಂತಂಗಾತು, ಕಣ್ಣಿಗೆ ಕತ್ತಲಿ ಬಂತು' ಎಂದು ರೋಗಿ ಹೇಳಿದರೆ ವೈದ್ಯರ ಕಿವಿ ನಿಮಿರುವುದು ಇದೇ ಕಾರಣಕ್ಕೆ.

ಹೆಣ್ಣುಮಕ್ಕಳು ಬಿದ್ದಾಗ

ಮೂವತ್ತು-ನಲವತ್ತರ ಹೆಣ್ಣುಮಗಳು ಕಳೆ ಕೀಳುವಾಗಲೋ ನೀರು ಹೊರುವಾಗಲೋ ಬಿದ್ದರೆ ಸಿಗುವ ಉತ್ತರಗಳು ಸಿದ್ಧವಾಗಿವೆ: ರಕ್ತ ಕಡಿಮೆ, ನಿಶ್ಶಕ್ತಿ, ಗಾಳಿ ಸೋಕಿದೆ, ದೇವರು ಬಂದಿದೆ. ರಕ್ತಹೀನತೆ ನಮ್ಮಲ್ಲಿ ನಿಜಕ್ಕೂ ಹೆಚ್ಚು. ಆದರೆ ಇನ್ನೊಂದು ಕಾರಣವೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದರ ಬೆನ್ನಿಗೆ ಕೀಲುಗಳು ಬಾತು ಜ್ವರ ಬಂದು ಹೋಗಿರುತ್ತದೆ. ಈ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ನಿಧಾನವಾಗಿ ಕಿರಿದಾಗಿಸುತ್ತದೆ. ಹತ್ತಿಪ್ಪತ್ತು ವರ್ಷದ ಮೇಲೆ ದಮ್ಮು, ಎದೆ ಹೊಡೆದುಕೊಳ್ಳುವುದು, ಎ.ಎಫ್. ಒಂದೊಂದಾಗಿ ಬರುತ್ತವೆ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚಿದಾಗ ಅಲ್ಲಿಯವರೆಗೆ ಸುಮ್ಮನಿದ್ದ ಕಾಯಿಲೆ ಮೊದಲ ಸಲ ತಲೆ ಎತ್ತುವುದೂ ಉಂಟು. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಸುಳಿವು ಸಿಗುತ್ತದೆ, ಎಕೋ ಪರೀಕ್ಷೆಯಲ್ಲಿ ಖಚಿತವಾಗುತ್ತದೆ. ಬಿದ್ದವರು ಹೆಣ್ಣುಮಕ್ಕಳು ಎಂಬ ಕಾರಣಕ್ಕೆ ಈ ಎರಡು ತಪ್ಪಬಾರದು.

ಮೈಟ್ರಲ್ ಕವಾಟ ಕಿರಿದಾಗಿ ಎ.ಎಫ್. ಬಂದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ಎ.ಎಫ್. ಇದ್ದಾಗ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಅಪಾಯವಿರುತ್ತದೆ. ರುಮ್ಯಾಟಿಕ್ ಕಾಯಿಲೆಯ ಎ.ಎಫ್. ರೋಗಿಗಳಲ್ಲಿ 24 ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ 4,500ಕ್ಕೂ ಹೆಚ್ಚು ಜನರನ್ನು ನೋಡಿತು. ಹೊಸ ಬಗೆಯ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಜಾತಿಯ ಮಾತ್ರೆಗಳೇ ಇವರಿಗೆ ಮೇಲು ಎಂದು ಅದರಲ್ಲಿ ಕಂಡುಬಂತು. ಈ ಹಳೆಯ ಮಾತ್ರೆಗೆ ಪಿಟಿ-ಐಎನ್‌ಆರ್ ರಕ್ತಪರೀಕ್ಷೆ ಮೇಲಿಂದ ಮೇಲೆ ಮಾಡಿಸಬೇಕು. ಮೆಂತ್ಯ, ಪಾಲಕದಂಥ ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನವೂ ಪಲ್ಯ, ಇನ್ನೊಂದು ವಾರ ಎಲೆಯೇ ಇಲ್ಲ ಎಂದಾಗದಂತೆ ಒಂದೇ ಅಳತೆಯಲ್ಲಿ ತಿಂದರೆ ಸಾಕು.

ಮಾತ್ರೆಯ ಚೀಲ ತೆರೆದು ನೋಡಿ

ಬಿದ್ದವರ ಮಾತ್ರೆಗಳನ್ನೆಲ್ಲ ಒಂದೇ ಕಡೆ ಸುರಿದು ನೋಡಿದರೆ ಕೆಲವೊಮ್ಮೆ ಕಾರಣ ಅಲ್ಲೇ ಸಿಗುತ್ತದೆ. ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಒಬ್ಬ ವೈದ್ಯರು ಬರೆದಿರುತ್ತಾರೆ, ಡಿಲ್ಟಿಯಾಜೆಮ್ ಇನ್ನೊಬ್ಬರು. ಎರಡೂ ಸೇರಿದರೆ ಬಡಿತ ಮಿತಿಮೀರಿ ಇಳಿಯಬಹುದು. ಡಿಗಾಕ್ಸಿನ್ ಮೂತ್ರಪಿಂಡ ಸೊರಗಿದವರಲ್ಲಿ ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ವಾಕರಿಕೆ, ನೋಟ ಹಳದಿಯಾಗುವುದು, ಬಡಿತ ಕುಸಿಯುವುದು ಅದರ ಗುರುತು. ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಮೂರೂ ಸೇರಿದರೆ ರಾತ್ರಿ ಮೂತ್ರಕ್ಕೆ ಎದ್ದವರು ಬಚ್ಚಲಲ್ಲಿ ಬೀಳುತ್ತಾರೆ.

ಇನ್ನೊಂದು ಅಪಾಯ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವುದರಿಂದ ಬರುತ್ತದೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಉದ್ದ ಮಾಡಿ, ಅಪಾಯದ ವೇಗದ ಬಡಿತ ಹುಟ್ಟಿಸಬಲ್ಲ ಔಷಧಿಗಳಿವೆ. ಕೆಮ್ಮಿಗೆ ಕೊಳ್ಳುವ ಅಜಿತ್ರೊಮೈಸಿನ್, ಭೇದಿಗೆ ಕೊಳ್ಳುವ ಸಿಪ್ರೊಫ್ಲಾಕ್ಸಾಸಿನ್, ವಾಂತಿಗೆ ಕೊಳ್ಳುವ ಡಾಂಪೆರಿಡೋನ್ ಮತ್ತು ಒಂಡಾನ್ಸೆಟ್ರಾನ್ ಆ ಪಟ್ಟಿಯಲ್ಲಿವೆ. ಬಹುಪಾಲು ಜನರಿಗೆ ಇವುಗಳಿಂದ ತೊಂದರೆಯಿಲ್ಲ. ಲಯದೋಷಕ್ಕೆ ಅಮಿಯೊಡರೋನ್ ನುಂಗುತ್ತಿರುವವರಿಗೆ, ಭೇದಿಯಾಗಿ ಪೊಟ್ಯಾಸಿಯಂ ಇಳಿದವರಿಗೆ ಇವು ಕಷ್ಟ ತರಬಹುದು. ಅಂಗಡಿಯವನಿಗೆ 'ನನಗ ಹಾರ್ಟಿನ ಮಾತ್ರಿ ನಡದಾವ' ಎಂಬ ಒಂದು ಮಾತು ಮೊದಲೇ ಹೇಳಿದರೆ ಆತ ಚೀಟಿ ಕೇಳುತ್ತಾನೆ, ಕೇಳಬೇಕು ಕೂಡ.

ಹಾಗೆಂದು ಬಿದ್ದ ದಿನವೇ ಎಲ್ಲ ಮಾತ್ರೆ ಬಿಟ್ಟುಬಿಡುವುದು ತಪ್ಪು. ಕೆಲವನ್ನು ತಟ್ಟನೆ ನಿಲ್ಲಿಸಿದರೆ ಬಡಿತ ಇನ್ನಷ್ಟು ಕೆರಳುತ್ತದೆ. ಚೀಲ ಹಿಡಿದುಕೊಂಡು ವೈದ್ಯರ ಬಳಿ ಹೋಗುವುದೇ ಸರಿ.

ಕಣ್ಮುಂದೆ ಯಾರಾದರೂ ಬಿದ್ದರೆ

ಮೊದಲು ಭುಜ ತಟ್ಟಿ ಕರೆಯಿರಿ. ಉಸಿರಾಟ ಸಹಜವಾಗಿದೆಯೇ ಎಂದು ಹತ್ತು ಸೆಕೆಂಡು ಎದೆ ನೋಡಿ. ಉಸಿರಿದ್ದರೆ ಅಂಗಾತ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಕೊರಳ ಗುಂಡಿ ಬಿಚ್ಚಿ, ಸುತ್ತ ನೆರೆದವರನ್ನು ಸರಿಸಿ ಗಾಳಿ ಬಿಡಿ. ವಾಂತಿ ಬಂದರೆ ಮಗ್ಗುಲಿಗೆ ಹೊರಳಿಸಿ. ಎತ್ತಿ ಕೂರಿಸುವುದು ಬೇಡ. ಕೂರಿಸಿದರೆ ಮಿದುಳಿಗೆ ಹೋಗಬೇಕಾದ ರಕ್ತ ಮತ್ತೆ ಕೆಳಗಿಳಿಯುತ್ತದೆ. ಪೂರ್ತಿ ಎಚ್ಚರವಾಗಿ ಮಾತಾಡುವವರೆಗೆ ಬಾಯಿಗೆ ನೀರು, ಸಕ್ಕರೆ, ಮಾತ್ರೆ ಯಾವುದೂ ಬೇಡ, ಶ್ವಾಸನಾಳಕ್ಕೆ ಇಳಿದೀತು. ಉಳ್ಳಾಗಡ್ಡಿಯಿಂದಲೂ ಕೀಲಿಕೈಯಿಂದಲೂ ಎಚ್ಚರ ಬರುವುದಿಲ್ಲ. ಮಲಗಿದ್ದರಿಂದ ಬಂದ ಎಚ್ಚರದ ಹೆಸರು ಅವಕ್ಕೆ ಹೋಗುತ್ತದೆ, ಅಷ್ಟೇ.

ಕರೆದರೆ ಮಿಸುಕಾಡದೆ, ಉಸಿರೂ ಇಲ್ಲದಿದ್ದರೆ ಅಥವಾ ಮೀನು ಬಾಯಿ ತೆರೆದಂತೆ ಆಗಾಗ ಒಂದು ಏದುಸಿರು ಮಾತ್ರ ಬರುತ್ತಿದ್ದರೆ, ಅದು ಹೃದಯ ಸ್ತಂಭನ. 108ಕ್ಕೆ ಒಬ್ಬರು ಕರೆ ಮಾಡಬೇಕು, ಇನ್ನೊಬ್ಬರು ಎದೆ ಒತ್ತಲು ಶುರು ಮಾಡಬೇಕು: ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೋ ಕಪ್ ಪಂದ್ಯದ ನಡುವೆ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಮೈದಾನದಲ್ಲೇ ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿಕೊಂಡರು. ಅಪಾಯದ ಲಯ ಮರಳಿದರೆ ಒಳಗಿನಿಂದಲೇ ಶಾಕ್ ಕೊಡುವ ಐಸಿಡಿ ಸಾಧನವನ್ನು ಆಮೇಲೆ ಎದೆಯಲ್ಲಿ ಅಳವಡಿಸಿದರು. ಮರುವರ್ಷ ಅವರು ಮತ್ತೆ ಆಡಿದರು.

ಕಂಡವರ ಸಾಕ್ಷಿ

ಬಿದ್ದವರಿಗೆ ತಾವು ಬಿದ್ದದ್ದು ನೆನಪಿರುವುದಿಲ್ಲ. ಆಸ್ಪತ್ರೆ ತಲುಪುವ ಹೊತ್ತಿಗೆ ಇಸಿಜಿ ಸಹಜವಾಗಿಯೇ ಇರಬಹುದು. ಆಗ ವೈದ್ಯರ ಮುಂದಿರುವ ದೊಡ್ಡ ಪುರಾವೆ ಕಂಡವರ ಮಾತು. ಆದರೆ ನಮ್ಮಲ್ಲಿ ಆಗುವುದೇ ಬೇರೆ: ಕಂಡವನು ಅಂಗಡಿಯಲ್ಲೇ ಉಳಿಯುತ್ತಾನೆ, ಕಾಣದ ಮಗ ಊರಿನಿಂದ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಕಂಡವರ ಫೋನ್ ನಂಬರಾದರೂ ಜೊತೆಗಿರಬೇಕು.

ಅವರು ಹೇಳಬೇಕಾದದ್ದು ಇಷ್ಟು. ಬೀಳುವ ಮುಂಚೆ ನಿಂತಿದ್ದರೋ, ಕೂತಿದ್ದರೋ, ಮಲಗಿದ್ದರೋ, ಓಡುತ್ತಿದ್ದರೋ? ಬೆವರು, ವಾಕರಿಕೆ, ಕಣ್ಣು ಮಂಜಾಗುವ ಮುನ್ಸೂಚನೆ ಇತ್ತೋ, ಕಡಿದ ಮರದಂತೆ ಬಿದ್ದರೋ? ಮುಖ ಬಿಳಿಚಿತ್ತೋ, ನೀಲಿಗಟ್ಟಿತ್ತೋ? ಕೈಕಾಲು ಜಗ್ಗಿದವೇ, ಎಷ್ಟು ಹೊತ್ತು? ನಾಲಿಗೆಯ ಬದಿ ಕಚ್ಚಿಕೊಂಡಿತ್ತೇ? ಎಚ್ಚರವಾದ ಮೇಲೆ ಕೂಡಲೇ ಜನರ ಗುರುತು ಸಿಕ್ಕಿತೇ, ಬಹಳ ಹೊತ್ತು ಗೊಂದಲದಲ್ಲಿದ್ದರೇ?

ಈ ಪ್ರಶ್ನೆಗಳ ಹಿಂದೆ ಒಂದು ದೊಡ್ಡ ತಪ್ಪನ್ನು ತಪ್ಪಿಸುವ ಉದ್ದೇಶವಿದೆ. ಮಿದುಳಿಗೆ ರಕ್ತ ಕಡಿಮೆಯಾದಾಗಲೂ ಕೈಕಾಲು ಕೆಲವು ಸೆಕೆಂಡು ಜಗ್ಗುತ್ತವೆ. ಅದನ್ನು ಕಂಡವರು 'ಪಿಟ್ಸ್' ಎನ್ನುತ್ತಾರೆ, ಮೂರ್ಛೆರೋಗದ ಮಾತ್ರೆ ಶುರುವಾಗುತ್ತದೆ, ಹೃದಯದ ಕಾಯಿಲೆ ಹಾಗೇ ಉಳಿಯುತ್ತದೆ. ಜಗ್ಗುವುದು ನಿಮಿಷ ಮೀರಿ ನಡೆದು, ನಾಲಿಗೆಯ ಬದಿ ಕಚ್ಚಿ, ಆಮೇಲೆ ಬಹಳ ಹೊತ್ತು ಮಂಪರಿದ್ದರೆ ಮೂರ್ಛೆರೋಗದ ಕಡೆ ಅನುಮಾನ. ಬಿಳಿಚಿ, ತಟ್ಟನೆ ಬಿದ್ದು, ತಟ್ಟನೆ ಎದ್ದು ಸರಿಯಾಗಿ ಮಾತಾಡಿದರೆ ಹೃದಯದ ಕಡೆ. ಯಾರಾದರೂ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿದ್ದರೆ ಅದನ್ನು ಅಳಿಸದೆ ವೈದ್ಯರಿಗೆ ತೋರಿಸಿ.

ನಾಳೆಗೆ ಬಿಡಬಾರದ ಬೀಳುವಿಕೆ

ಲಯದೋಷ ಇದೆ ಎಂದು ಗೊತ್ತಿರುವವರು ಎಚ್ಚರ ತಪ್ಪಿದರೆ, ಎಷ್ಟೇ ಬೇಗ ಚೇತರಿಸಿಕೊಂಡರೂ, ಅದೇ ದಿನ ಇಸಿಜಿ ಆಗಬೇಕು. ಈ ಕೆಳಗಿನವು ಇದ್ದರೆ ಕಾಯದೆ 108:

• ಮಲಗಿದ್ದಾಗ ಅಥವಾ ದುಡಿಯುವಾಗ, ಓಡುವಾಗ ಎಚ್ಚರ ತಪ್ಪಿದ್ದು
• ಬೀಳುವ ಮುಂಚೆ ಎದೆ ಹೊಡೆದುಕೊಂಡದ್ದು, ಇಲ್ಲವೇ ಸುಳಿವೇ ಇಲ್ಲದೆ ಬಿದ್ದದ್ದು
• ಎದೆನೋವು, ದಮ್ಮು, ಒಂದೇ ದಿನ ಎರಡು ಸಲ ಬಿದ್ದದ್ದು
• ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆ, ಅಥವಾ ಕೂತಾಗಲೂ 150ರ ಆಚೆ
• ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು
• ಪೇಸ್‌ಮೇಕರ್ ಇದ್ದೂ ಬಿದ್ದದ್ದು, ಐಸಿಡಿ ಶಾಕ್ ಹೊಡೆದದ್ದು
• ಮನೆತನದಲ್ಲಿ ನಲವತ್ತರೊಳಗೆ ಯಾರಾದರೂ ದಿಢೀರನೆ ತೀರಿಕೊಂಡಿರುವುದು

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ ಅದು ಪ್ರತ್ಯೇಕ ತುರ್ತು. ಹೊರಗೆ ಬರೀ ಬುಗುಟು ಕಂಡರೂ ಒಳಗೆ ರಕ್ತ ನಿಧಾನವಾಗಿ ಜಿನುಗಬಹುದು. ಸಿ.ಟಿ. ಸ್ಕ್ಯಾನ್ ಇರುವಲ್ಲಿಗೆ ಅಂದೇ ಹೋಗಬೇಕು.

ಸಿಂಧನೂರಿನಿಂದ ಕಲಬುರಗಿವರೆಗೆ

ಮೊದಲ ಹೆಜ್ಜೆಗೆ ದೂರ ಹೋಗಬೇಕಿಲ್ಲ. ಸಿಂಧನೂರು, ಲಿಂಗಸೂಗೂರಿನ ತಾಲೂಕು ಆಸ್ಪತ್ರೆಯ ಮಟ್ಟದಲ್ಲೇ ಇಸಿಜಿ, ಮಲಗಿಸಿ ಮತ್ತು ನಿಲ್ಲಿಸಿ ನೋಡುವ ಬಿ.ಪಿ., ಹಿಮೋಗ್ಲೋಬಿನ್, ಸಕ್ಕರೆ ಆಗಬೇಕು. ನಿಂತ ಮೂರು ನಿಮಿಷದೊಳಗೆ ಬಿ.ಪಿ.ಯ ಮೇಲಿನ ಅಂಕಿ 20 ಇಳಿದರೆ ಬೀಳುವಿಕೆಗೆ ಅದೇ ಕಾರಣವಿರಬಹುದು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ಕೆಲವೇ ನಿಮಿಷದಲ್ಲಿ ನೋಡುವ ವ್ಯವಸ್ಥೆಯಿದೆ. ಅದರ ಮುಖ್ಯ ಗುರಿ ಹೃದಯಾಘಾತವನ್ನು ಬೇಗ ಗುರುತಿಸುವುದು.

ಮುಂದಿನ ಹಂತ ರಾಯಚೂರಿನ ರಿಮ್ಸ್ ಆಸ್ಪತ್ರೆ. ಸಿಂಧನೂರಿನಿಂದ ಸುಮಾರು 90 ಕಿ.ಮೀ. ಪೇಸ್‌ಮೇಕರ್‌ನಂಥ ಚಿಕಿತ್ಸೆಗೆ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆ. ಅಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಪೇಸ್‌ಮೇಕರ್ ಅದರೊಳಗೆ ಬರುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೂರನ್ನೂ ಹೊರಡುವಾಗಲೇ ಇಟ್ಟುಕೊಂಡರೆ ಮರುದಿನದ ಓಡಾಟ ಉಳಿಯುತ್ತದೆ.

ಇಸಿಜಿ ಹಿಡಿಯುವುದು ಕೆಲವು ಸೆಕೆಂಡುಗಳನ್ನಷ್ಟೆ. ಆಗಾಗ ಬಂದು ಹೋಗುವ ಕಳ್ಳನನ್ನು ಅಷ್ಟರಲ್ಲಿ ಹಿಡಿಯಲಾಗದು. ಅದಕ್ಕೇ ಹೋಲ್ಟರ್ ಬಂತು: ಸೊಂಟಕ್ಕೋ ಕೊರಳಿಗೋ ಕಟ್ಟಿಕೊಂಡು 24 ಅಥವಾ 48 ಗಂಟೆ ಬಡಿತ ದಾಖಲಿಸುವ ಪುಟ್ಟ ಪೆಟ್ಟಿಗೆ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಇದನ್ನು ಮೊದಲು ಮಾಡಿದಾಗ ಬೆನ್ನಿಗೆ ಹೊರಬೇಕಾದ ಸುಮಾರು 38 ಕಿಲೋ ಭಾರ ಅದಕ್ಕಿತ್ತು. ಹೋಲ್ಟರ್ ಕಟ್ಟಿದ ದಿನ ಮನೆಯಲ್ಲಿ ಮಲಗಬೇಡಿ, ಎಂದಿನ ಕೆಲಸ ಮಾಡಿ. ತಲೆ ತಿರುಗಿದರೆ ಗಂಟೆ-ನಿಮಿಷ ಬರೆದಿಡಿ. ವರ್ಷಕ್ಕೊಮ್ಮೆ ಬೀಳುವವರಿಗೆ ಚರ್ಮದಡಿ ಇಟ್ಟು ಎರಡು-ಮೂರು ವರ್ಷ ಕಾಯುವ ಲೂಪ್ ರೆಕಾರ್ಡರ್ ಇದೆ.

ಪೇಸ್‌ಮೇಕರ್ ಎಂದರೆ ಹೆದರುವವರಿಗೆ

ಸ್ವೀಡನ್ನಿನ ಆರ್ನೆ ಲಾರ್ಸನ್ ಹಾರ್ಟ್ ಬ್ಲಾಕ್‌ನಿಂದ ದಿನಕ್ಕೆ ಇಪ್ಪತ್ತು-ಮೂವತ್ತು ಸಲ ಎಚ್ಚರ ತಪ್ಪುತ್ತಿದ್ದರು. ಹೆಂಡತಿ ಎಲ್ಸ್-ಮರೀ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಹತ್ತಿ, ಇನ್ನೂ ಪ್ರಯೋಗದಲ್ಲಿದ್ದ ಸಾಧನವನ್ನು ಗಂಡನಿಗೆ ಹಾಕಿಸಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಮನುಷ್ಯನ ಮೈಯೊಳಗೆ ಪೂರ್ತಿ ಅಳವಡಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಯಲ್ಲಿ ಕೆಟ್ಟಿತು. ಬದಲಿ ಹಾಕಿದರು, ಮತ್ತೆ ಬದಲಿಸಿದರು. ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಕಂಡ ಲಾರ್ಸನ್ 2001ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡರು. ಅವರ ಶಸ್ತ್ರವೈದ್ಯರೂ ಎಂಜಿನಿಯರೂ ಅವರಿಗಿಂತ ಮುಂಚೆ ತೀರಿಕೊಂಡಿದ್ದರು.

ಈಗಿನ ಸಾಧನದ ಬ್ಯಾಟರಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಗಾಯ ಮಾಯುವವರೆಗೆ ಸಾಧನ ಕೂರಿಸಿದ ಬದಿಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭತ್ತದ ಚೀಲ ಹೊರಬಾರದು. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡದೆ ಸಾಧನದಿಂದ 15 ಸೆಂ.ಮೀ. ದೂರವಿಡಬೇಕು. ಮಿಕ್ಸಿ, ಟಿ.ವಿ.ಯಿಂದ ಹೆದರಿಕೆಯಿಲ್ಲ, ವೆಲ್ಡಿಂಗ್ ಮಾಡುವವರು ವೈದ್ಯರನ್ನು ಕೇಳಿಯೇ ಕೆಲಸಕ್ಕೆ ಮರಳಬೇಕು.

ಕಾರಣ ಗೊತ್ತಾಗುವವರೆಗೆ

ಪರೀಕ್ಷೆ ಮುಗಿದು ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರ್ ಬೇರೆಯವರು ಓಡಿಸಲಿ. ಒಬ್ಬರೇ ಕಾಲುವೆಗೆ ಇಳಿಯುವುದು, ಬಾವಿಯ ದಡದಲ್ಲಿ ಪಂಪ್‌ಸೆಟ್ ನೋಡುವುದು, ಮಾಳಿಗೆ ಹತ್ತುವುದು ಬೇಡ. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಬೇಡಿ. ಕಣ್ಣು ಮಂಜಾದರೆ ನಾಚಿಕೆ ಬಿಟ್ಟು ಅಲ್ಲೇ ನೆಲಕ್ಕೆ ಮಲಗಿ. ಮಲಗಲು ಜಾಗವಿಲ್ಲದಿದ್ದರೆ ಕೂತು, ಕಾಲು ಒಂದರ ಮೇಲೊಂದು ಹೆಣೆದು ತೊಡೆ ಬಿಗಿ ಹಿಡಿಯಿರಿ, ಮುಷ್ಟಿ ಗಟ್ಟಿ ಕಟ್ಟಿ. ರಕ್ತದೊತ್ತಡ ಸ್ವಲ್ಪ ಏರುತ್ತದೆ.

ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಭಾಗದಲ್ಲಿ ಹೊಲದ ಕೆಲಸ, ಖಾತ್ರಿ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ. ಉಪ್ಪು ಹಾಕಿದ ಮಜ್ಜಿಗೆ ಬಹಳ ಜನಕ್ಕೆ ಒಳ್ಳೆಯದು. ಹೃದಯ ಸೋತು ಕಾಲು ಬಾತವರಿಗೆ ಅದೇ ಉಪ್ಪು ತೊಂದರೆ. ಅವರು ಎಷ್ಟು ನೀರು, ಎಷ್ಟು ಉಪ್ಪು ಎಂದು ಕೇಳಿ ಬರೆಸಿಕೊಳ್ಳಬೇಕು.

ದಿನಕ್ಕೊಮ್ಮೆ ನಾಡಿ ನೋಡುವುದನ್ನು ಮನೆಯಲ್ಲಿ ಒಬ್ಬರು ಕಲಿತರೆ ಸಾಕು. ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಬಡಿತ ಏರುಪೇರಾದವರಲ್ಲಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎ.ಎಫ್. ಇರುವವರ ಬಿ.ಪಿ.ಯನ್ನು ಮನೆಯ ಯಂತ್ರದಲ್ಲಿ ಮೂರು ಸಲ ನೋಡಿ ಸರಾಸರಿ ತೆಗೆಯಬೇಕು.

ರಾಯಚೂರಿಗೋ ಕಲಬುರಗಿಗೋ ಬಸ್ಸು ಹತ್ತುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಇಷ್ಟು ಇರಲಿ: ಹಳೆಯ ಇಸಿಜಿಗಳು, ಎಕೋ ವರದಿ, ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ನಾಡಿ ಬರೆದಿಟ್ಟ ಹಾಳೆ, ರೇಷನ್ ಮತ್ತು ಆಧಾರ್ ಕಾರ್ಡುಗಳು, ರೆಫರಲ್ ಚೀಟಿ. ಮತ್ತು ಚಹದಂಗಡಿಯವನನ್ನು ಕೇಳಿ ಮಗನೋ ಮೊಮ್ಮಗಳೋ ಬರೆದುಕೊಂಡ ಅರ್ಧ ಪುಟ, ಅದರ ಕೆಳಗೆ ಅವನ ಫೋನ್ ನಂಬರು.